ಬೆನ್ನಿಗೆ ಹುಟ್ಟಿದವನು

ಪೋಸ್ಟರಿನ ಮೇಲಿರುವ ಆ ಬೆನ್ನು ನನ್ನದು.
ಸಿನಿಮಾದ ಹುಡುಗನದಲ್ಲ. ಲಂಡನ್ನಿನ ಜೂಲಿಯನ್
ಆ ಹೊತ್ತಿಗೆ ಕಾರಿನೊಳಗೆ ಬಿಸಿ ಕೋಕೋ ಕುಡಿಯುತ್ತಿದ್ದ;
ಸಂಜೆ ನಾಲ್ಕರ ಮೇಲೆ ಮಕ್ಕಳನ್ನು ದುಡಿಸಬಾರದಂತೆ,
ನಾನು ಆ ಲೆಕ್ಕಕ್ಕೆ ಬರಲಿಲ್ಲ.
ಅವನ ಕೋಟು, ಅವನ ಟೊಪ್ಪಿಗೆ, ಜಡೆ ಒಳಗೆ ತುರುಕಿ
ಗೂಟ ನೆಟ್ಟ ಕಡೆ ನಿಲ್ಲಿಸಿದರು:
ಅಲ್ಲಾಡಬೇಡ ಮರಿ, ಬೆಳಕು ಸಾಯುವ ತನಕ.

ಲಿಂಕನ್‌ಶೈರಿನ ಬಯಲು. ಸಮುದ್ರದ ಬಾಯಿಂದ ಕಸಿದ ನೆಲ.
ನವೆಂಬರು. ಸಕ್ಕರೆ ಬೀಟು ಕಿತ್ತು ಮುಗಿದು
ಎರೆ ಬೆತ್ತಲೆ ಬಿದ್ದಿತ್ತು, ಬಾಣಲೆಯ ತಳದ ಕಪ್ಪು.
ನಮ್ಮ ಹಿತ್ತಿಲ ಬಾಗಿಲಿಗೆ ಅವರು ಕೆಂಪು ಬಳಿದರು
ಮೂರು ಸಲ, ಮೊದಲೆರಡು ಕೆಂಪು ಸಾಲಲಿಲ್ಲ.
ಅಪ್ಪ ದಿನಕ್ಕೆ ಹದಿನೈದು ಪೌಂಡು ಎಣಿಸಿಕೊಂಡು
ಮಧ್ಯಾಹ್ನವೇ ಪಬ್ಬಿನ ದಾರಿ ಹಿಡಿದ.
ಮನೆಗೆ ಇನ್ನೊಂದಿಷ್ಟು ಭಯ ಬರಿಸಬೇಕೆಂದು
ಕಿಟಕಿಗೆ ಮಸಿ ಹಚ್ಚಿದರು,
ನೆಲಮಾಳಿಗೆಗೆ ಹೊರಗಿಂದ ಕೊಂಡಿ ಜಡಿಯಲು ಹೋದರು.
ಕೊಂಡಿ ಮೊದಲೇ ಇತ್ತು.

ನೋಡಿದವರಿಗೆ ಗೊತ್ತು: ಹುಡುಗ ಕರಿನೆಲದಲ್ಲಿ
ಅಮ್ಮನ ಕನ್ನಡಿಗಳನ್ನು ಒಂದೊಂದಾಗಿ ಹೂಳುತ್ತಾನೆ,
ಸುಣ್ಣ ಮೆತ್ತಿದ ಕುದುರೆ ರಾತ್ರಿಯೆಲ್ಲ ಉಳುತ್ತದೆ,
ಕೊನೆಗೆ ಆ ಬೆನ್ನು, ಆಚೆ ಕೆಂಪು ಬಾಗಿಲು,
ಅದರಾಚೆ ಕಾಲುವೆಯ ಏರಿ ಮೇಲೆ
ಸಾಸಿವೆಯಷ್ಟು ನೀಲಿ.

ಆ ನೀಲಿಯ ಬಗ್ಗೆ ಪುಸ್ತಕ ಬರೆದಿದ್ದಾರೆ.
ಆತ್ಮವಂತೆ. ಮಾತೆ ಮೇರಿಯ ಮುಸುಕಂತೆ.
ಸಮುದ್ರ ತನ್ನ ನೆಲ ವಾಪಸು ಕೇಳುತ್ತಿದೆ ಅಂತ ಒಬ್ಬಾಕೆ.
ಅದು ಕ್ಲೈವ್. ಅವನ ಸ್ವೆಟರು.
ಬಲ ಮೊಣಕೈಯಲ್ಲಿ ತೂತಿತ್ತು, ಅದು ಕಾಣುವುದಿಲ್ಲ.
ನನ್ನ ಬೆನ್ನಿಗೆ ಹುಟ್ಟಿದವನು,
ವರ್ಷಕ್ಕೆ ಕಿರಿಯ, ಪಾದ ಮಾತ್ರ ನನ್ನಷ್ಟೇ.
ಅಕ್ಕನ ಶೂಟಿಂಗು ನೋಡಲು ಬಂದಿದ್ದಾನೆಂದು
ಕೋಟಿನೊಳಗೆ ನಾನು ಸ್ವಲ್ಪ ಎದೆ ಸೆಟೆಸಿದ್ದೆ.
ಆ ಸೆಟೆದದ್ದೂ ಪೋಸ್ಟರಿನಲ್ಲಿದೆ. ಹುಡುಗನ ಛಲ ಅನ್ನುತ್ತಾರೆ ಅದಕ್ಕೆ.

ಈಗ ರೀಲನ್ನು ತೊಳೆದಿದ್ದಾರೆ.
ನಲವತ್ತೈದು ವರ್ಷದ ಧೂಳು, ಗೀರು, ಬೂಷ್ಟು ತೆಗೆದು
ಕಳೆದ ಗುರುವಾರ ಸ್ಪಾಲ್ಡಿಂಗಿನಲ್ಲಿ ತೋರಿಸಿದರು.
ಹದಿನಾರು ಜನ, ಒಂದು ಹೀಟರು.
ಟಿಕೆಟು ಕೊಂಡು ಹಿಂದಿನ ಸಾಲಲ್ಲಿ ಕೂತೆ.
ಅವನನ್ನೂ ಕೊಳೆಯೆಂದು ಒರೆಸಿಬಿಟ್ಟಿದ್ದರೆ?

ಒರೆಸಿರಲಿಲ್ಲ.
ಚುಕ್ಕೆಗೆ ಕೈ ಬಂದಿತ್ತು. ಬೀಸುತ್ತಿದ್ದ, ಎರಡೂ ಕೈ.
ಸ್ವೆಟರಿನ ಕೆಳಗೆ, ಕಪ್ಪು ಏರಿಯ ಮೇಲೆ,
ಎರಡು ಬಿಳಿ ಗೀಟು.
ಬರಿಗಾಲು.

ಜೂಲಿಯನ್ನನ ಬೂಟು ನನಗೆ ಕಚ್ಚುತ್ತಿತ್ತು.
ಬಾಗಿಲ ಬಳಿ ಕ್ಲೈವನ ಬೂಟಿದ್ದವು, ಮೆಟ್ಟಿಕೊಂಡು ಹೋಗಿದ್ದೆ,
ಕೇಳದೆ. ಕೇಳುವುದೇನು, ತಮ್ಮನ ಬೂಟು ತಾನೆ.

ಪಬ್ಬಿನಿಂದ ಅಪ್ಪ ಬೇಗ ಬಂದನೇ ಅವತ್ತು?
ಕಲ್ಲಿದ್ದಲ ಕಿಂಡಿಯಿಂದ ನುಸುಳಿ ಬಂದವನು
ಬಾ ಅಂದನೇ, ಬರಬೇಡ ಅಂದನೇ,
ಬೂಟು ಕೊಡು ಅಂದನೇ?
ಅಲ್ಲಿ ಅವರು ಪಿಟೀಲು ಹಾಕಿದ್ದಾರೆ.
ಹನ್ನೊಂದು ಸೆಕೆಂಡು. ಬೆನ್ನು ಅಲ್ಲಾಡುವುದಿಲ್ಲ.

ಮಾರ್ಚಿನಲ್ಲಿ ಅವನನ್ನು ಕಾಲುವೆಯಿಂದ ಎತ್ತಿದಾಗ
ಎರಡೂ ಬೂಟು ಕಾಲಲ್ಲೇ ಇದ್ದವು,
ದಾರ ಜೋಡಿ ಗಂಟು ಬಿಗಿದು.
ಅವನಿಗೆ ಜೋಡಿ ಗಂಟು ಹಾಕಲು ಬರುತ್ತಿರಲಿಲ್ಲ.
ಇದನ್ನು ಪೊಲೀಸರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ದೀಪ ಹತ್ತಿತು. ಮುಂದಿನ ಸಾಲಿನ ಹುಡುಗಿ
ಗೆಳೆಯನ ಭುಜಕ್ಕೆ ತಲೆಯಿಟ್ಟು ಅಂದಳು:
ಎಷ್ಟು ಚಂದ ಅಲ್ವಾ ಆ ಕಪ್ಪು.
ಹೌದು, ಚಂದವೇ.

ಅವತ್ತು ನನಗೆ ಸಿಕ್ಕಿದ್ದು ಒಂದೂವರೆ ಪೌಂಡು,
ಮೇಲೊಂದು ಚಾಕಲೇಟು ಬಾರು.
ಅರ್ಧ ಮುರಿದು ಕ್ಲೈವನಿಗೆ ಕೊಟ್ಟೆ, ಅದು ನೆನಪಿದೆ.
ತಿಂದನೋ ಇಲ್ಲವೋ
ನೆನಪಿಲ್ಲ.